ಸೆರೆಮನೆಯಿಂದ ಮರಳಿದವರ ಮೊದಲ ಹದಿನೈದು ದಿನಗಳು

ಕುಡಿತಕ್ಕೋ ಮಾದಕ ವಸ್ತುಗಳಿಗೋ ದಾಸನಾಗಿದ್ದವನು ಸೆರೆಮನೆಯಿಂದ ಬಿಡುಗಡೆ ಹೊಂದಿ ಮನೆಗೆ ಬಂದಾಗ, ಅವನ ಮೈ ತುಂಬಿ ಮುಖದಲ್ಲಿ ಕಳೆ ಮೂಡಿರುವುದನ್ನು ಕಂಡು ಮನೆಯವರು 'ಅಂತೂ ಚಟ ಬಿಟ್ಟಿತು' ಎಂದು ನಿಟ್ಟುಸಿರು ಬಿಡುವುದುಂಟು. ಈ ಸಮಾಧಾನವು ಸಹಜವಾದುದೇ, ಆದರೆ ಅವಸರದ್ದು. ಮದ್ಯವು ದೊರೆಯದ ಸ್ಥಳದಲ್ಲಿ ಅದನ್ನು ಸೇವಿಸದೆ ಇದ್ದುದು ಚಿಕಿತ್ಸೆಯೆನಿಸುವುದಿಲ್ಲ. (ಗೋಡೆಯೊಳಕ್ಕೂ ಇಂತಹ ವಸ್ತುಗಳು ನುಸುಳುವುದುಂಟೆಂಬುದು ಬೇರೆ ಮಾತು.) ಬಿಡುಗಡೆಯ ನಂತರದ ಮೊದಲ ಹದಿನೈದು ದಿನಗಳೇ ಅವನ ಪ್ರಾಣಕ್ಕೆ ಅತ್ಯಂತ ಅಪಾಯಕರವಾದವು ಎಂಬುದನ್ನು ನೀವು ತಿಳಿದಿರಬೇಕು.

ಇದಕ್ಕೆ ಕಾರಣವಿದೆ. ಅಮಲು ಪದಾರ್ಥವನ್ನು ದಿನವೂ ಸೇವಿಸುವವನ ದೇಹವು ಅದಕ್ಕೆ ಒಗ್ಗಿಕೊಳ್ಳುತ್ತದೆ. ಮೊದಲಿನ ಅಮಲನ್ನೇ ಪಡೆಯಲು ಅವನಿಗೆ ಇಮ್ಮಡಿ, ಮುಮ್ಮಡಿ ಪ್ರಮಾಣ ಬೇಕಾಗುತ್ತದೆ. ಕೆಲವು ವಾರಗಳ ಕಾಲ ಸೇವನೆಯು ನಿಂತರೆ ಈ ಒಗ್ಗಿದ ಗುಣವು ಅಳಿದುಹೋಗುತ್ತದೆ. ದೇಹವು ಮರೆತರೂ ಮನಸ್ಸು ಹಳೆಯ ಅಳತೆಯನ್ನು ಮರೆಯುವುದಿಲ್ಲ. ಹೊರಗೆ ಬಂದವನು ಹಿಂದಿನಷ್ಟನ್ನೇ ಒಮ್ಮೆಲೇ ತೆಗೆದುಕೊಂಡರೆ ಅದು ವಿಷವಾಗಿ ಪರಿಣಮಿಸಬಹುದು. ಬ್ರೌನ್ ಶುಗರ್, ಅಫೀಮು ಮುಂತಾದವು ಉಸಿರಾಟವನ್ನು ನಡೆಸುವ ಮೆದುಳಿನ ಭಾಗವನ್ನೇ ಮಂಕಾಗಿಸುತ್ತವೆ. ಜೊತೆಗೆ ಮದ್ಯವೋ ನಿದ್ರೆಯ ಮಾತ್ರೆಯೋ ಸೇರಿದರಂತೂ ಅಪಾಯವು ಇನ್ನೂ ಹೆಚ್ಚು.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1999ರಿಂದ 2003ರವರೆಗೆ ಬಿಡುಗಡೆಯಾದ 30,000ಕ್ಕೂ ಹೆಚ್ಚು ಬಂದಿಗಳನ್ನು ಕುರಿತ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಮೊದಲ ಎರಡು ವಾರಗಳಲ್ಲಿ ಅವರ ಮರಣದ ಸಂಭವವು ಅಲ್ಲಿನ ಇತರ ಜನರಿಗಿಂತ ಸುಮಾರು 13 ಪಟ್ಟು ಅಧಿಕವಾಗಿತ್ತು. ಮಾದಕ ವಸ್ತುಗಳ ಮಿತಿಮೀರಿದ ಸೇವನೆಯಿಂದ ಸಾಯುವ ಸಂಭವವು 129 ಪಟ್ಟು ಹೆಚ್ಚಿತ್ತು. ನಮ್ಮ ನಾಡಿನಲ್ಲಿ ಮದ್ಯದ ಚಟವೇ ಅಧಿಕವಾದುದರಿಂದ ಈ ಅಂಕಿಗಳು ಇಲ್ಲಿಗೆ ಹಾಗೆಯೇ ಅನ್ವಯಿಸಲಾರವು. ಆದರೂ ದೇಹಧರ್ಮವು ಎಲ್ಲೆಡೆಯೂ ಒಂದೇ.

ಮದ್ಯದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆಯಿದೆ. ಮನೆಗೆ ಬಂದವನು ಮತ್ತೆ ಕುಡಿತಕ್ಕೆ ಬಿದ್ದು, ಮನೆಯವರ ಒತ್ತಾಯದಿಂದ ಥಟ್ಟನೆ ನಿಲ್ಲಿಸಿದಾಗ ಕೈನಡುಕ, ಬೆವರು, ನಿದ್ರಾಹೀನತೆ ಕಾಣಿಸಿಕೊಳ್ಳಬಹುದು. ಕೆಲವರಿಗೆ ಒಂದೆರಡು ದಿನಗಳಲ್ಲಿ ಫಿಟ್ಸ್ ಬರುತ್ತದೆ. ಎರಡನೆಯ ಅಥವಾ ಮೂರನೆಯ ದಿನ ಬುದ್ಧಿಭ್ರಮಣೆಯಾಗಿ ಇಲ್ಲದ್ದನ್ನು ಕಾಣತೊಡಗುತ್ತಾರೆ. ಇದು ಗಾಳಿ ಸೋಕಿದ್ದಲ್ಲ. ಅವನನ್ನು ಕೋಣೆಯಲ್ಲಿ ಕೂಡಿಹಾಕಬೇಡಿ. ಕೂಡಲೇ ಆಸ್ಪತ್ರೆಗೆ ಸೇರಿಸಿ.

ಚಿಕಿತ್ಸೆಯ ಸಿದ್ಧತೆಯು ಬಿಡುಗಡೆಗೆ ಮೊದಲೇ ನಡೆಯಬೇಕು. ನಮ್ಮ ದೇಶದ ಬಂದಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಜನರು ವಿಚಾರಣಾಧೀನರು. ಅವರಿಗೆ ಜಾಮೀನು ಯಾವ ದಿನ ದೊರೆಯುವುದೆಂದು ಯಾರೂ ಹೇಳಲಾರರು. ಸಂಜೆಯ ಹೊತ್ತಿಗೆ ಆಜ್ಞೆ ತಲುಪಿ, ಔಷಧಿಯ ಚೀಟಿಯೂ ಇಲ್ಲದೆ ಹೊರಬರುವವರುಂಟು. ಆದ್ದರಿಂದ ಭೇಟಿಗೆ ಹೋದಾಗಲೇ ಕಾರಾಗೃಹದ ವೈದ್ಯರು ಯಾವ ಔಷಧಿಯನ್ನು ಎಷ್ಟು ಕೊಡುತ್ತಿರುವರೆಂದು ಕೇಳಿ ಬರೆಸಿಕೊಳ್ಳಿ. ದೆಹಲಿಯ ತಿಹಾರ್ ಕಾರಾಗೃಹದಲ್ಲಿ 2008ರಲ್ಲಿ ಹೆರಾಯಿನ್ ವ್ಯಸನಿಗಳಿಗೆ ಬುಪ್ರೆನಾರ್ಫಿನ್ ಎಂಬ ಔಷಧಿಯನ್ನು ನೀಡಲಾರಂಭಿಸಲಾಯಿತು. ಒಂದು ಅಮಲಿಗೆ ಬದಲಾಗಿ ಇನ್ನೊಂದು ಅಮಲೆಂದು ಇದನ್ನು ಹಳಿಯುವುದು ಸರಿಯಲ್ಲ. ವೈದ್ಯರ ಮೇಲ್ವಿಚಾರಣೆಯಲ್ಲಿ ಇದು ಚಡಪಡಿಕೆಯನ್ನು ತಗ್ಗಿಸಿ, ಸಾವಿನ ಸಂಭವವನ್ನು ಕಡಿಮೆ ಮಾಡುತ್ತದೆ. ಇಂತಹ ಔಷಧಿಯಾಗಲಿ, ಕ್ಷಯರೋಗದ ಮಾತ್ರೆಯಾಗಲಿ ಬಿಡುಗಡೆಯ ದಿನ ತಪ್ಪಿಹೋಗಬಾರದು.

ಹೊರಬಂದ ಬಳಿಕ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವೇ ಇದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. ಆಸ್ಪತ್ರೆಗೆ ಹೋದರೆ ಮತ್ತೆ ಪೊಲೀಸರ ಕೈಗೆ ಸಿಕ್ಕಿಬೀಳುವೆವೆಂಬ ಭಯವು ಅನೇಕರಿಗಿದೆ. 1985ರ ಮಾದಕ ವಸ್ತುಗಳ ಕಾಯಿದೆಯಾದರೋ ಸೇವನೆಯ ಅಥವಾ ಅಲ್ಪ ಪ್ರಮಾಣದ ಆಪಾದನೆಯುಳ್ಳ ವ್ಯಸನಿಯು ತಾನಾಗಿ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಅವನಿಗೆ ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ. ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಆ ರಕ್ಷಣೆಯನ್ನು ಹಿಂತೆಗೆದುಕೊಳ್ಳಬಹುದು.

ಪ್ರಜ್ಞೆ ತಪ್ಪಿ ಬಿದ್ದವನು ಅಲುಗಿಸಿದರೂ ಏಳದೆ, ಉಸಿರು ನಿಧಾನವಾಗಿ, ತುಟಿಗಳು ನೀಲಿಗಟ್ಟಿದ್ದರೆ ಅದು ನಿದ್ರೆಯೆಂದು ಬಿಡಬೇಡಿ. 108ಕ್ಕೆ ಕರೆ ಮಾಡಿ, ಅವನನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಬಾಯಿಗೆ ನೀರನ್ನಾಗಲಿ ಮಜ್ಜಿಗೆಯನ್ನಾಗಲಿ ಹಾಕಬಾರದು. ಏನು ಸೇವಿಸಿದ್ದನೆಂಬುದನ್ನು ವೈದ್ಯರಿಂದ ಮುಚ್ಚಿಡಬೇಡಿ.

ಊಟದಲ್ಲಿ ಗುಟ್ಟಾಗಿ ಬೆರೆಸಿ ಕುಡಿತ ಬಿಡಿಸುವ ಪುಡಿಗಳ ಜಾಹೀರಾತಿಗೆ ಮರುಳಾಗುವ ತಾಯಂದಿರೂ ಪತ್ನಿಯರೂ ಬಹಳ. ಕೆಲವು ಔಷಧಿಗಳ ಮೇಲೆ ಮದ್ಯವು ಬಿದ್ದರೆ ವಿಪರೀತ ವಾಂತಿಯಾಗಿ ರಕ್ತದೊತ್ತಡವು ಕುಸಿಯಬಹುದು. ಅವನಿಗೆ ತಿಳಿಯದಂತೆ ಏನನ್ನೂ ಕೊಡಬಾರದು.

ಬಂದ ದಿನವೇ ವಕೀಲರ ಖರ್ಚು, ಸಾಲ, ನೆರೆಹೊರೆಯವರ ಮಾತುಗಳನ್ನೆಲ್ಲ ಅವನ ಮುಂದೆ ಹರಡಬೇಡಿ; ಅವುಗಳಿಗೆ ಮುಂದೆ ಕಾಲವಿದೆ. ಮೊದಲ ವಾರಗಳಲ್ಲಿ ಕೈಗೆ ಹೆಚ್ಚು ಹಣ ಕೊಡದಿರುವುದೂ, ಹಳೆಯ ಗೆಳೆಯರು ಕರೆಯಲು ಬಂದಾಗ ಮನೆಯಲ್ಲಿ ಹಿರಿಯರೊಬ್ಬರು ಇರುವುದೂ ಒಳ್ಳೆಯದು. ಇಷ್ಟಾದರೂ ಒಂದು ರಾತ್ರಿ ಅವನು ಕುಡಿದು ಬಂದರೆ ಆಗ ವಾದಕ್ಕೆ ಇಳಿಯದಿರಿ. ಮರುದಿನ ಬೆಳಿಗ್ಗೆಯೇ ಚೀಟಿ ಹಿಡಿದು ವೈದ್ಯರಲ್ಲಿಗೆ ಕರೆದೊಯ್ಯಿರಿ. ಅವರು ಗೊತ್ತುಮಾಡಿದ ದಿನ ಬರಲೆಂದು ಕಾಯಬೇಕಾಗಿಲ್ಲ.