ಊರು ಹಿಗ್ಗಿದರೆ ಬೊಕ್ಕಸ ತುಂಬುವುದೆ?

ಪಟ್ಟಣವು ಹಿಗ್ಗಿದಷ್ಟೂ ಕಂದಾಯ ಕಟ್ಟುವವರು ಹೆಚ್ಚುವರು, ಕಂದಾಯ ಹೆಚ್ಚಿದಷ್ಟೂ ರಸ್ತೆ, ನೀರು, ಚರಂಡಿಗಳು ತಾವಾಗಿಯೇ ಉತ್ತಮಗೊಳ್ಳುವುವು ಎಂಬ ನಂಬಿಕೆಯೊಂದು ನಮ್ಮ ವಿದ್ಯಾವಂತರಲ್ಲಿ ಆಳವಾಗಿ ಬೇರೂರಿದೆ. ಮದುವೆಯ ಪಂಕ್ತಿಯಲ್ಲಿ ಕುಳಿತವರು ತಮ್ಮ ಸೈಟಿನ ಬೆಲೆ ಎಷ್ಟು ಪಟ್ಟು ಏರಿತೆಂಬುದನ್ನು ಬಣ್ಣಿಸಿ ಮುಗಿಸುವಷ್ಟರಲ್ಲಿ, ಪಲ್ಯದ ಹಿಂದೆ ಸಾರು ಬಂದಂತೆಯೇ ಈ ಸಿದ್ಧಾಂತವೂ ಬಂದುಬಿಡುತ್ತದೆ. ನಗರಗಳು ಸಂಪತ್ತನ್ನು ಸೃಷ್ಟಿಸುವುವೆಂಬುದರಲ್ಲಿ ನನಗೆ ವಿವಾದವಿಲ್ಲ. ಆದರೆ ಸಂಪತ್ತು ಹುಟ್ಟುವ ಸ್ಥಳ ಬೇರೆ, ಅದರ ಮೇಲಣ ತೆರಿಗೆ ಸೇರುವ ಪೆಟ್ಟಿಗೆ ಬೇರೆ ಎಂಬ ಸಾಮಾನ್ಯ ವಿಷಯವನ್ನು ಇಷ್ಟು ಓದಿದವರಿಗೂ ಹೇಳಬೇಕಾಗಿ ಬಂದಿರುವುದು ಸೋಜಿಗವೇ ಸರಿ.

ಬೆಂಗಳೂರನ್ನೇ ನೋಡಿ. ಇಲ್ಲಿಯ ಸಂಬಳದಾರರ ಆದಾಯ ತೆರಿಗೆ ಕೇಂದ್ರಕ್ಕೆ ಸಲ್ಲುತ್ತದೆ. ಇಲ್ಲಿಯ ವ್ಯಾಪಾರದ ಜಿಎಸ್‌ಟಿಯನ್ನು ಕೇಂದ್ರವೂ ರಾಜ್ಯವೂ ಹಂಚಿಕೊಳ್ಳುತ್ತವೆ. ಮದ್ಯದ ಅಬಕಾರಿ, ವಾಹನ ತೆರಿಗೆ, ಮುದ್ರಾಂಕ ಶುಲ್ಕಗಳು ರಾಜ್ಯದ ಖಜಾನೆಗೆ. ಅದರಲ್ಲೊಂದಂಶ ಅನುದಾನವಾಗಿ ನಗರಕ್ಕೆ ಹಿಂದಿರುಗುವುದುಂಟು, ಕೊಡುವವರ ಚಿತ್ತ ಪ್ರಸನ್ನವಾಗಿದ್ದರೆ. ಊರೊಳಕ್ಕೆ ಬರುವ ಸರಕಿನೊಡನೆ ತಾನೂ ಬೆಳೆಯುತ್ತಿದ್ದ ಆಕ್ಟ್ರಾಯ್ ಎಂಬ ಸುಂಕ 1979ರಲ್ಲಿಯೇ ರದ್ದಾಯಿತು. ಪಾಲಿಕೆಗೆ ತನ್ನದೆಂದು ಉಳಿದಿರುವುದು ಮುಖ್ಯವಾಗಿ ಆಸ್ತಿ ತೆರಿಗೆ. ಅದಾದರೂ 2008ರಲ್ಲಿ ಬಂದ ಪದ್ಧತಿಯಂತೆ ವಲಯ, ಕಟ್ಟಡದ ವಿಸ್ತೀರ್ಣ, ಬಳಕೆ, ವಯಸ್ಸುಗಳನ್ನು ನೋಡಿ ಲೆಕ್ಕ ಹಾಕತಕ್ಕದ್ದೇ ಹೊರತು, ಮದುವೆಮನೆಯಲ್ಲಿ ಬಣ್ಣಿಸಿದ ಆ ಬೆಲೆಯನ್ನು ನೋಡಿಯಲ್ಲ. ಆ ಕಂದಾಯದ ರಸೀದಿಯಲ್ಲೇ ಗ್ರಂಥಾಲಯ ಕರ, ಭಿಕ್ಷುಕರ ಕರ ಎಂಬ ಸಾಲುಗಳಿವೆ. ಅವುಗಳಿಂದ ಒಂದು ಗುಂಡಿಯೂ ಮುಚ್ಚಲಾರದೆಂಬುದನ್ನು ಓದಿ ನೋಡುವ ವ್ಯವಧಾನ ಯಾರಿಗಿದೆ?

ಇನ್ನು ನೀರು. ಅದು ಪಾಲಿಕೆಯ ಪಾಲಿನದೇ ಅಲ್ಲ. 1964ರಲ್ಲಿ ಸ್ಥಾಪಿತವಾದ ಜಲಮಂಡಳಿಯದು. 2007ರಲ್ಲಿ ಏಳು ನಗರಸಭೆಗಳನ್ನೂ ಒಂದು ಪುರಸಭೆಯನ್ನೂ 110 ಹಳ್ಳಿಗಳನ್ನೂ ಸೇರಿಸಿಕೊಂಡು ನಗರವು ಏಕಾಏಕಿ ಬೃಹತ್ತಾಯಿತು. ನಂಬಿಕೆಯ ಪ್ರಕಾರವಾದರೆ ಆ ಹಳ್ಳಿಗಳ ನಲ್ಲಿಗಳಲ್ಲಿ ಎರಡು ಮೂರು ವರ್ಷಗಳಲ್ಲಿ ಕಾವೇರಿ ಹರಿಯಬೇಕಾಗಿತ್ತು. ಆದರೆ ಅವುಗಳಿಗಾಗಿಯೇ ಹೂಡಿದ ಕಾವೇರಿ ಯೋಜನೆಯ ಐದನೆಯ ಹಂತದ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಈ ನಡುವಣ ಹದಿನೇಳು ವರ್ಷಗಳಲ್ಲಿ ಅಲ್ಲಿಯವರು ಪಾಲಿಕೆಗೆ ಕಂದಾಯವನ್ನೂ ಟ್ಯಾಂಕರಿನವನಿಗೆ ರೊಕ್ಕವನ್ನೂ ಕೊಡುತ್ತಲೇ ಇದ್ದರು. ಯೋಜನೆಗೆ ಬಹುಪಾಲು ಹಣವೊದಗಿದ್ದು ಬೆಳೆದ ನಗರದ ತೆರಿಗೆಯಿಂದಲ್ಲ, ಜಪಾನಿನ ಸಾಲದಿಂದ. ಸಾಲ ತೀರಿದರೂ ಖರ್ಚು ತೀರದು: ನೀರೆತ್ತುವ ಸ್ಥಾವರವಿರುವ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರು ದೂರ, ಸುಮಾರು ಐನೂರು ಮೀಟರು ಎತ್ತರ ಆ ನೀರನ್ನು ಪಂಪುಗಳಿಂದ ಏರಿಸಬೇಕು, ಅದೂ ಹಗಲಿರುಳು. ಹೊರವಲಯದ ಪ್ರತಿಯೊಂದು ಹೊಸ ಮನೆಯೂ ವಿದ್ಯುತ್ತಿನ ಬಿಲ್ಲನ್ನು ಅಷ್ಟಷ್ಟು ಹೆಚ್ಚಿಸುತ್ತದೆ. ಆದರೂ 2014ರಲ್ಲಿ ಗೊತ್ತುಮಾಡಿದ ನೀರಿನ ದರವನ್ನು 2025ರವರೆಗೂ ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ.

ಲೇಔಟು ಮಾಡಿದವನು ಟಾರನ್ನೂ ಚರಂಡಿಯನ್ನೂ ಒಮ್ಮೆ ಹಾಕಿ ಕೈತೊಳೆದುಕೊಂಡರೆ, ಅವುಗಳ ದುರಸ್ತಿ ಎಂದೆಂದಿಗೂ ಪಾಲಿಕೆಯ ತಲೆಯ ಮೇಲೆ. ಚಿಕ್ಕಪೇಟೆಯ ಒಂದು ಓಣಿಯ ಕೊಳವೆ ಎಷ್ಟೋ ಸಂಸಾರಗಳಿಗೂ ಅಂಗಡಿಗಳಿಗೂ ಒದಗುವುದಾದರೆ, ಅಷ್ಟೇ ಉದ್ದದ ಕೊಳವೆ ಹೊಸ ಬಡಾವಣೆಯಲ್ಲಿ ನಾಲ್ಕು ಮನೆಗಳನ್ನೂ ಬೆಲೆ ಏರಲೆಂದು ಬಿಟ್ಟ ಹತ್ತು ಖಾಲಿ ಸೈಟುಗಳನ್ನೂ ಹಾದುಹೋಗುತ್ತದೆ.

ಬಡವರು ತೆರಿಗೆ ಕೊಡುವುದಿಲ್ಲವೆಂಬ ಇನ್ನೊಂದು ಸುಭಾಷಿತವುಂಟು. ಅವರು ಕೊಳ್ಳುವ ಸಾಬೂನಿಗೆ ಜಿಎಸ್‌ಟಿ ಇಲ್ಲವೆ, ಕೊಡುವ ಬಾಡಿಗೆಯೊಳಗೆ ಮಾಲೀಕನ ಕಂದಾಯ ಸೇರಿಲ್ಲವೆ? ಇನ್‌ಕಂ ಟ್ಯಾಕ್ಸ್ ಕಟ್ಟಿದ್ದೇನೆಂದು ವಾರ್ಡಿನ ಇಂಜಿನಿಯರನ ಮುಂದೆ ಗರ್ಜಿಸುವವರಿಗೆ ದೆಹಲಿಯ ದಾರಿ ತೋರಿಸಿದರೆ ಸಾಕು.

ನನ್ನ ಬೇಸರವಿರುವುದು ಲೆಕ್ಕ ತಪ್ಪಿದ್ದರಲ್ಲಲ್ಲ, ಲೆಕ್ಕವನ್ನೇ ಕೇಳದಿರುವುದರಲ್ಲಿ. ಕೊತ್ತಂಬರಿ ಸೊಪ್ಪಿನ ಕಟ್ಟಿಗೆ ಐದು ರೂಪಾಯಿ ಇಳಿಸಲು ಹತ್ತು ನಿಮಿಷ ವಾದಿಸುವ ಗೃಹಸ್ಥನು, ‘ವಿಮಾನ ನಿಲ್ದಾಣಕ್ಕೆ ಇಪ್ಪತ್ತೇ ನಿಮಿಷ’ ಎಂದು ಬಣ್ಣದ ಕಾಗದದಲ್ಲಿ ಅಚ್ಚಾದೊಡನೆ ಜೀವಮಾನದ ಗಳಿಕೆಯನ್ನು ಸುರಿಯುವನು. ಬಚ್ಚಲಿನ ನೀರು ಎಲ್ಲಿಗೆ ಹೋಗುವುದೆಂದು ಕೇಳುವುದಿಲ್ಲ. ಅದು ಹೋಗುವ ಸ್ಥಳಗಳಲ್ಲೊಂದಾದ ಬೆಳ್ಳಂದೂರು ಕೆರೆಗೆ 2015ರಲ್ಲಿಯೂ 2017ರಲ್ಲಿಯೂ 2018ರಲ್ಲಿಯೂ ಬೆಂಕಿ ಬಿದ್ದಿತು. ಸುತ್ತಣ ಸೈಟುಗಳ ಬೆಲೆ ಇಳಿದದ್ದನ್ನು ನಾನು ಕೇಳಿಲ್ಲ.