ಜಿಯೆನ್‌ಬಿಂಗ್: ಚೀನಾದ ಬೀದಿ ದೋಸೆ

ನಮ್ಮ ಟಿಟ್ವಾಳಾದಲ್ಲಿ 'ಚೈನೀಸ್' ಎಂದರೆ ಸಂಜೆಯ ತಿಂಡಿ. ಮಂಚೂರಿಯನ್, ಶೆಜ್ವಾನ್ ರೈಸ್, ಚೈನೀಸ್ ಭೇಳ್ ಎಲ್ಲವೂ ನಮ್ಮ ನಾಲಿಗೆಗೆ ಒಗ್ಗಿಸಿಕೊಂಡವು. ಹಾಗಾದರೆ ಚೀನಾದ ಜನ ಬೆಳಿಗ್ಗೆ ಕೆಲಸಕ್ಕೆ ಓಡುವಾಗ ಏನು ತಿನ್ನುತ್ತಾರೆ? ಕಚೇರಿ ಕೆಲಸದ ಮೇಲೆ ಶಾಂಘೈಗೆ ಹೋಗಿದ್ದಾಗ ನನಗೆ ಸಿಕ್ಕ ಉತ್ತರ, ದೋಸೆ!

ಅದರ ಹೆಸರು ಜಿಯೆನ್‌ಬಿಂಗ್. ಮೂಲ ಶಾನ್‌ಡಾಂಗ್ ಪ್ರಾಂತ. ತಿಯಾನ್‌ಜಿನ್ ನಗರದ ಬಗೆಗೆ ಹೆಸರುಕಾಳಿನ ಹಿಟ್ಟೇ ಮುಖ್ಯ. ದುಂಡನೆಯ ಕಾವಲಿಯ ಮೇಲೆ ಹಿಟ್ಟು ಸುರಿದು ಮರದ ಹಲಗೆಯಿಂದ ತೆಳ್ಳಗೆ ಹರಡುತ್ತಾರೆ. ಮೇಲೆ ಮೊಟ್ಟೆ ಒಡೆದು, ಈರುಳ್ಳಿ ಸೊಪ್ಪು, ಎಳ್ಳು ಉದುರಿಸುತ್ತಾರೆ. ತಿರುವಿ ಹಾಕಿ, ಸಿಹಿ-ಉಪ್ಪಿನ ಗಟ್ಟಿ ಸಾಸ್, ಖಾರ ಸವರುತ್ತಾರೆ. ಒಳಗೆ ಕರಿದ ಗರಿಗರಿ ಹಾಳೆ ಅಥವಾ ಯೂತಿಯಾವ್ ಎಂಬ ಕರಿದ ಹಿಟ್ಟಿನ ಕೋಲು ಇಟ್ಟು ಮಡಚಿ ಕೊಟ್ಟರೆ ನಡೆಯುತ್ತಲೇ ತಿನ್ನಬಹುದು. ಆಂಧ್ರದ ಪೆಸರಟ್ಟು ತಿಂದವರಿಗೆ ಇದು ದೂರದ ನೆಂಟನಂತೆ ಕಾಣುತ್ತದೆ.

ನಮ್ಮ ದೋಸೆಯೂ ಮೊದಲು ಹೀಗೇ ಇತ್ತೆನ್ನಬಹುದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಬರೆಸಿದ 'ಮಾನಸೋಲ್ಲಾಸ'ದಲ್ಲಿ 'ಧೋಸಕ' ಬರುತ್ತದೆ. ಅದು ಅಕ್ಕಿಯದಲ್ಲ, ಉದ್ದಿನಂಥ ಕಾಳುಗಳ ದೋಸೆ. (ಈ ಕಲ್ಯಾಣ ನಮ್ಮ ಪಕ್ಕದ ಜಂಕ್ಷನ್ ಅಲ್ಲ, ಬೀದರ್ ಜಿಲ್ಲೆಯ ಬಸವಕಲ್ಯಾಣ!) ಅಕ್ಕಿ ಸೇರಿಸಿ ರಾತ್ರಿಯಿಡೀ ಹುಳಿ ಬರಿಸುವ ದೋಸೆಯನ್ನು ಮುಂಬಯಿಗೆ ಉಣಿಸಿದವರು ಉಡುಪಿ ಹೋಟೆಲುಗಳ ನಮ್ಮವರು.

ಎರಡೂ ದೋಸೆಗಳಿಗೆ ಸಾಮಾನ್ಯವಾದ ಇನ್ನೊಂದು ಸಂಗತಿ, ಜಾಗದ ಚಿಂತೆ. ಟಿಟ್ವಾಳಾದಿಂದ ಸಿಎಸ್‌ಎಂಟಿಗೆ ಸುಮಾರು 64 ಕಿ.ಮೀ. ಬೆಳಗಿನ ಲೋಕಲ್ ಹಿಡಿಯುವವನಿಗೆ ಮನೆಯಲ್ಲಿ ಕಾವಲಿ ಇಡುವಷ್ಟು ಹೊತ್ತಿರುವುದಿಲ್ಲ. ಅವನ ಹೊಟ್ಟೆ ನೋಡಿಕೊಳ್ಳುವುದು ಸ್ಟೇಷನ್ ಬಳಿಯ ಇಡ್ಲಿ, ಪೋಹೆ, ವಡಾಪಾವ್‌ನವರು. ಬೀದಿ ವ್ಯಾಪಾರಿಗಳ ರಕ್ಷಣೆಗೆ 2014ರಲ್ಲಿ ಕಾನೂನು ಬಂತು. ಆದರೆ ಎಲ್ಫಿನ್‌ಸ್ಟನ್ ರೋಡ್ ಕಾಲ್ತುಳಿತದ ನಂತರ, 2017ರಲ್ಲೇ, ನಿಲ್ದಾಣದಿಂದ 150 ಮೀಟರಿನೊಳಗೆ ವ್ಯಾಪಾರ ಸಲ್ಲದೆಂಬ ನಿಲುವನ್ನು ಮುಂಬಯಿ ಹೈಕೋರ್ಟ್ ಎತ್ತಿಹಿಡಿಯಿತು. ನಡೆಯಲು ದಾರಿ ಬೇಕು, ನಿಜ. ಗಿರಾಕಿ ಇರುವುದೂ ಅದೇ ದಾರಿಯಲ್ಲಿ.

ಚೀನಾದಲ್ಲೂ ನಗರ ಚೊಕ್ಕಟವಾಗಬೇಕೆಂದು ಗಾಡಿಗಳನ್ನು ಎತ್ತಿಸಿದ್ದುಂಟು. ಕೋವಿಡ್‌ನಿಂದ ಕೆಲಸಗಳು ಹೋದಾಗ, 2020ರ ಜೂನ್‌ನಲ್ಲಿ, ಪ್ರಧಾನಿ ಲಿ ಕೆಚಿಯಾಂಗ್ ಬೀದಿ ಅಂಗಡಿಗಳನ್ನು ಹೊಗಳಿದರು. ಹೊಗಳಿದ್ದು ಜಿಯೆನ್‌ಬಿಂಗ್‌ನ ತವರು ಶಾನ್‌ಡಾಂಗ್‌ನಲ್ಲೇ! ಕಷ್ಟ ಬಂದಾಗ ನೆನಪಾಗುವ ಕಾವಲಿಗೆ ಸುಖದ ದಿನಗಳಲ್ಲೂ ನಾಲ್ಕಡಿ ಜಾಗ ಗುರುತಿಸಿಡುವುದು ಯಾವ ನಗರಕ್ಕೂ ಭಾರವಾಗದು.