ಉಷ್ಣಾಘಾತದಲ್ಲಿ ಮಾಂಸಖಂಡದ ಪಾತ್ರ

ವೈಶಾಖದ ಬಿಸಿಲಿನಲ್ಲಿ ಸ್ವಾರಗೇಟಿನ ಹೋಟೆಲುಗಳಲ್ಲಿ ಒಲೆಯೆದುರು ದುಡಿಯುವ ನಮ್ಮ ಬಂಧುಗಳು ಉಷ್ಣಾಘಾತದ ವಿಚಾರವನ್ನು ಅರಿತಿರುವುದು ಅವಶ್ಯ. ಒಳಮೈಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮೀರಿ ಬುದ್ಧಿ ಕದಡಿದರೆ ಅದೇ ಉಷ್ಣಾಘಾತ.

ಭಾರವೆತ್ತಲು ಮಾತ್ರವೆಂದು ನಾವೆಣಿಸಿರುವ ಮಾಂಸಖಂಡಗಳು ಆಗ ದೂತಕಾರ್ಯವನ್ನೂ ನಡೆಸುತ್ತವೆ. ಕಾವೇರಿದ ಮಾಂಸಖಂಡವೇ ಇಂಟರ್‌ಲ್ಯೂಕಿನ್-6 ಎಂಬ ದ್ರವ್ಯವನ್ನು ಹೆಚ್ಚಾಗಿ ಉತ್ಪಾದಿಸುವುದೆಂದು ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಥಾಮಸ್ ಕ್ಲಾಂಟನ್ ಮತ್ತು ಸಂಗಡಿಗರು 2012ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿದರು. ಈ ದ್ರವ್ಯವು ದೇಹದ ರೋಗನಿರೋಧಕ ಪಡೆಗೆ ಸಂದೇಶವನ್ನೊಯ್ಯುತ್ತದೆ. ಆ ಪಡೆಯ ವರ್ತನೆ ಹದದಲ್ಲಿದ್ದರೆ ರಕ್ಷೆ. ಮಿತಿಮೀರಿದರೆ ಅಂಗಾಂಗಗಳಿಗೇ ಹಾನಿ. ಆದುದರಿಂದ ಮೈ ತಣಿದೊಡನೆ ಅಪಾಯ ಕಳೆಯಿತೆಂದು ಭಾವಿಸಲಾಗದು.

ಸಂಗಾತಿ ತಡಬಡಿಸಿ ಮಾತನಾಡಿದರೆ ಅಥವಾ ಕುಸಿದರೆ ಕೂಡಲೇ ನೆರಳಿಗೆ ಒಯ್ದು, ಮೈಗೆ ತಣ್ಣೀರು ಸುರಿದು, ಗಾಳಿ ಬೀಸಿ, 108ಕ್ಕೆ ತಿಳಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ಚೇತರಿಸಿಕೊಂಡವರನ್ನು ವೈದ್ಯರ ಅಪ್ಪಣೆಯಿಲ್ಲದೆ ಮತ್ತೆ ಒಲೆಯೆದುರು ನಿಲ್ಲಿಸುವುದು ಯಾವ ಮಾಲೀಕರಿಗೂ ಸಲ್ಲದು.